ಒಂದು ಎಂಜಿನ್, ಹಲವು ಕೈ: ಮಾದರಿ ರೈಲುಮಾರ್ಗದಲ್ಲಿ ಥ್ರಾಟಲ್ ಹಂಚಿಕೊಂಡ ಒಂದು ಪ್ರಕರಣ

ಹತ್ತು ವ್ಯಾಗನ್‌ಗಳ ಗೂಡ್ಸ್ ಗಾಡಿಯೊಂದು ಜಂಕ್ಷನ್ನಿನ ಲೂಪ್‌ನಿಂದ ಹೊರಟು ಮುಖ್ಯ ಮಾರ್ಗಕ್ಕೆ ಸೇರಿಕೊಳ್ಳುತ್ತಿತ್ತು. ಅದನ್ನು ಓಡಿಸುತ್ತಿದ್ದ ಗೆಳೆಯರು ಆ ಹೊತ್ತಿನಲ್ಲಿ ಥ್ರಾಟಲಿನ (ಎಂಜಿನ್ನಿನ ವೇಗ, ದಿಕ್ಕು ಹೇಳುವ ಕೈ ಸಾಧನದ) ನಾಬನ್ನು ಮುಟ್ಟಿರಲಿಲ್ಲ. ಅವರ ಕಣ್ಣು ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ಜಾಗದ ಮೇಲಿತ್ತು. ಹಾಗಿದ್ದೂ ಎಂಜಿನ್ ನಿಧಾನವಾಯಿತು, ಒಂದು ಕ್ಷಣ ನಿಂತಿತು, ಬಳಿಕ ತಾನು ಎಳೆದು ತರುತ್ತಿದ್ದ ವ್ಯಾಗನ್‌ಗಳನ್ನೇ ಹಿಂದಕ್ಕೆ ದೂಡತೊಡಗಿತು. ಪಾಯಿಂಟಿನ ಮೇಲೆ ನಡುವಿನ ಎರಡು ವ್ಯಾಗನ್‌ಗಳು ಹಳಿ ತಪ್ಪಿದವು. ಒಂದರ ಲೋಹದ ಗಾಲಿ ಎರಡು ಹಳಿಗಳ ನಡುವೆ ಅಡ್ಡಬಿದ್ದು ಷಾರ್ಟ್ ಆದ ಕೂಡಲೇ ಹಳಿಗೆ ವಿದ್ಯುತ್ತು ಒದಗಿಸುವ ಬೂಸ್ಟರ್ ಅದನ್ನು ಕಡಿದುಬಿಟ್ಟಿತು, ಕೋಣೆಯಲ್ಲಿದ್ದ ಅಷ್ಟೂ ಗಾಡಿಗಳು ಇದ್ದಲ್ಲೇ ನಿಂತವು. ಆರು ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಂಜಿನನ್ನು ಹಿಂದಕ್ಕೆ ತಿರುಗಿಸಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ತಿರುಗಿಸಿದವರಿಗೂ ಗೊತ್ತಿರಲಿಲ್ಲ.

ಒಂದೇ ಕಮಾಂಡ್ ಸ್ಟೇಷನ್ನಿಗೆ (ಥ್ರಾಟಲಿನ ಮಾತನ್ನು ಹಳಿಯ ಮೂಲಕ ಎಂಜಿನ್ನಿಗೆ ಆದೇಶವಾಗಿ ಕಳುಹಿಸುವ ಪೆಟ್ಟಿಗೆಗೆ) ಹಲವು ಥ್ರಾಟಲ್‌ಗಳನ್ನು ಜೋಡಿಸಿ ಒಟ್ಟಿಗೆ ಗಾಡಿ ಓಡಿಸುವವರಿಗೆಲ್ಲ ಇಂಥ ಘಟನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನಮ್ಮಲ್ಲಿ ಅದರ ಕಾರಣವನ್ನು ಹುಡುಕಿ, ಒಂದೊಂದಾಗಿ ಬಿಡಿಸಿ, ಮತ್ತೆ ನೆಮ್ಮದಿಯಿಂದ ಗಾಡಿ ಓಡಿಸುವ ಹಂತಕ್ಕೆ ಬಂದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಆ ಮಾರ್ಗದ ವೈರಿಂಗ್ ನನ್ನ ಹೊಣೆಯಾಗಿದ್ದುದರಿಂದ ಹುಡುಕುವ ಕೆಲಸವೂ ನನ್ನ ಪಾಲಿಗೇ ಬಂತು.

ಏನೇನಿತ್ತು

ಮಾರ್ಗವು 1:87 ಅಳತೆಯದು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಕೋಣೆಯ ಗೋಡೆಗಳನ್ನು ಅನುಸರಿಸಿ ಸಾಗುವ ಮುಖ್ಯ ಮಾರ್ಗ, ಒಂದು ತುದಿಯಲ್ಲಿ ಕೊನೆಯ ನಿಲ್ದಾಣ, ನಡುವೆ ಜಂಕ್ಷನ್, ಅದಕ್ಕೆ ಹೊಂದಿಕೊಂಡ ಷಂಟಿಂಗ್ ಯಾರ್ಡ್, ಒಂದು ಸುರಂಗ. ಎಂಜಿನ್‌ಗಳು ಇಪ್ಪತ್ತಕ್ಕೂ ಹೆಚ್ಚು. ಪ್ರತಿಯೊಂದರಲ್ಲೂ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಡಿಕೋಡರ್ ಇದೆ, ಹಳಿಯಿಂದ ಬರುವ ಆದೇಶವನ್ನು ಓದಿ ಮೋಟಾರು, ದೀಪಗಳನ್ನು ನಡೆಸುವುದು ಅದು. ಕಮಾಂಡ್ ಸ್ಟೇಷನ್ ಒಂದು, ಬೂಸ್ಟರ್ ಒಂದು. ಕೇಬಲ್ ಚುಚ್ಚಿ ಬಳಸುವ ನಾಲ್ಕು ಕೈ ಥ್ರಾಟಲ್‌ಗಳಿಗೆ ಮಾರ್ಗದ ಮುಂಬದಿಯ ಪಟ್ಟಿಯುದ್ದಕ್ಕೂ ಸಾಕೆಟ್‌ಗಳಿವೆ. ಈ ನಾಲ್ಕರಲ್ಲಿ ಎರಡರ ನಾಬ್ ಕೊನೆಯಿಲ್ಲದೆ ಸುತ್ತುತ್ತದೆ. ಉಳಿದೆರಡರ ನಾಬ್ ಹಳೆಯ ರೇಡಿಯೋದ ಧ್ವನಿ ನಾಬಿನ ಹಾಗೆ ಎರಡು ತುದಿಗಳಲ್ಲೂ ತಡೆದು ನಿಲ್ಲುತ್ತದೆ. ಈ ಸಣ್ಣ ವ್ಯತ್ಯಾಸ ಮುಂದೆ ದೊಡ್ಡದಾಗಿ ಬರುತ್ತದೆ. ಇವುಗಳ ಜೊತೆಗೆ ಇಬ್ಬರು ತಮ್ಮ ಮೊಬೈಲನ್ನೇ ಥ್ರಾಟಲ್ ಮಾಡಿಕೊಂಡಿದ್ದರು. ಮೊಬೈಲಿನ ಆದೇಶ ವೈಫೈ ಮೂಲಕ ಒಂದು ಕಂಪ್ಯೂಟರಿಗೆ, ಅಲ್ಲಿಂದ ಕಮಾಂಡ್ ಸ್ಟೇಷನ್ನಿಗೆ ತಲುಪುತ್ತಿತ್ತು.

ಡಿಸಿಸಿಯಲ್ಲಿ ಹಳಿಗೆ ವಿದ್ಯುತ್ತು ಸದಾ ಪೂರ್ತಿಯಾಗಿಯೇ ಇರುತ್ತದೆ. ಆ ವಿದ್ಯುತ್ತಿನ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವ ಲಯದಲ್ಲೇ ಆದೇಶಗಳು ಅಡಗಿರುತ್ತವೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಅದು ಒಂದು, 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೊನ್ನೆ. ಇಂಥ ಬಿಟ್‌ಗಳ ಸಾಲೊಂದು ಸೇರಿ ಪ್ಯಾಕೆಟ್ ಆಗುತ್ತದೆ: ಮೊದಲು ಎಚ್ಚರಿಕೆಯ ಒಂದುಗಳ ಸಾಲು, ಆಮೇಲೆ ಎಂಜಿನ್ನಿನ ವಿಳಾಸ, ಆಮೇಲೆ ಆದೇಶ, ಕೊನೆಗೆ ತಪ್ಪು ಪತ್ತೆಹಚ್ಚುವ ಒಂದು ಬೈಟ್ (ಎಂಟು ಬಿಟ್). ಜರ್ಮನಿಯ ಲೆನ್ಸ್ ಸಂಸ್ಥೆಯ ವಿನ್ಯಾಸವನ್ನು ತಳಹದಿಯಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದನ್ನು ಮಾನದಂಡವಾಗಿ ಅಂಗೀಕರಿಸಿದ್ದರಿಂದಲೇ ಇಂದು ಯಾವ ತಯಾರಕರ ಡಿಕೋಡರ್ ಆದರೂ ಯಾವ ತಯಾರಕರ ಕಮಾಂಡ್ ಸ್ಟೇಷನ್ನಿನ ಮಾತನ್ನಾದರೂ ಕೇಳುತ್ತದೆ. ಆದರೆ ಆ ಮಾನದಂಡಗಳು ಕಟ್ಟುನಿಟ್ಟಾಗಿ ಹೇಳಿದ್ದು ಹಳಿಯ ಮೇಲಿನ ಭಾಷೆಯನ್ನು. ಕೈಯಲ್ಲಿರುವ ಥ್ರಾಟಲ್ ಕಮಾಂಡ್ ಸ್ಟೇಷನ್ನಿನೊಂದಿಗೆ ಹೇಗೆ ಮಾತಾಡಬೇಕು, ಒಂದೇ ಎಂಜಿನನ್ನು ಇಬ್ಬರು ಕೇಳಿದರೆ ಯಾರಿಗೆ ಕೊಡಬೇಕು ಎಂಬುದನ್ನು ತಯಾರಕರು ತಮತಮಗೆ ತೋಚಿದಂತೆ ತೀರ್ಮಾನಿಸಿಕೊಂಡರು. ಹಂಚಿಕೆಯ ತೊಂದರೆಗಳೆಲ್ಲ ಹುಟ್ಟುವುದು ಈ ಜಾಗದಲ್ಲಿ.

ಮೊದಲು ತಪ್ಪಾಗಿ ಹುಡುಕಿದ್ದು

ಗೂಡ್ಸ್ ಗಾಡಿ ಹಿಂದಕ್ಕೆ ತಿರುಗಿದ ದಿನ ನಾವು ಹಳಿಯನ್ನು ಒರೆಸಿದೆವು. ಮಾದರಿ ರೈಲಿನವರು ಯಾವ ಕಾಯಿಲೆಗೂ ಮೊದಲು ಕೊಡುವ ಮದ್ದು ಅದು. ಅನೇಕ ಸಲ ಅದು ಸರಿಯೂ ಆಗಿರುತ್ತದೆ. ಆಮೇಲೆ ಆ ಎಂಜಿನ್ನಿನ ಡಿಕೋಡರನ್ನು ಅನುಮಾನಿಸಿ ಬೇರೆಯದನ್ನು ಹಾಕಿದೆವು. ಹೊಸ ಡಿಕೋಡರ್ ಕಾರ್ಖಾನೆಯಿಂದ 3 ಎಂಬ ವಿಳಾಸದೊಂದಿಗೆ ಬರುತ್ತದೆ. ಅದನ್ನು 24ಕ್ಕೆ ಬದಲಿಸಿ ಓಡಿಸಿದೆವು. ಎರಡು ವಾರ ಸುಮ್ಮನಿದ್ದು, ಮೂರನೆಯ ವಾರ ಬೇರೊಂದು ಎಂಜಿನ್ ಅದೇ ರೀತಿ ತಿರುಗಿತು.

ಮುಂದಿನ ಅನುಮಾನ ವೇಗದ ಮೇಲೆ ಹೋಯಿತು. ಇಷ್ಟು ಜನ ಒಟ್ಟಿಗೆ ಆದೇಶ ಕೊಟ್ಟರೆ ಹಳಿಯ ಮೇಲೆ ಆದೇಶಗಳ ದಟ್ಟಣೆಯಾಗಿ, ಹಳೆಯ ಆದೇಶ ತಡವಾಗಿ ತಲುಪುತ್ತಿರಬಹುದೇ? ಇದನ್ನು ಲೆಕ್ಕ ಹಾಕಿ ನೋಡಬಹುದಾಗಿತ್ತು, ನೋಡಿದೆವು. ಉದ್ದ ವಿಳಾಸದ ಎಂಜಿನ್ನಿಗೆ 128 ಹಂತಗಳ ವೇಗದ ಆದೇಶವೆಂದರೆ ಐದು ಬೈಟ್; ಎಚ್ಚರಿಕೆಯ 14 ಬಿಟ್, ಪ್ರತಿ ಬೈಟಿನ ಮುಂದೆ ಒಂದು ಸೊನ್ನೆ, ಕೊನೆಯಲ್ಲಿ ಒಂದು ಬಿಟ್, ಎಲ್ಲ ಸೇರಿ 60 ಬಿಟ್. ಸೊನ್ನೆ ಒಂದುಗಳು ಬೆರೆತಿರುವುದರಿಂದ ಇದು ಹಳಿಯ ಮೇಲೆ ಹಾದುಹೋಗಲು ಸುಮಾರು 9 ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ ನೂರಕ್ಕೂ ಸ್ವಲ್ಪ ಹೆಚ್ಚು ಆದೇಶಗಳು ಹೋಗಬಲ್ಲವು. ಆರು ಜನ ಎಷ್ಟೇ ಬೇಗ ನಾಬ್ ತಿರುಗಿಸಿದರೂ ಈ ಸಂಖ್ಯೆಯ ಹತ್ತಿರ ಬರುವುದಿಲ್ಲ. ಜೊತೆಗೆ ಹೊಸ ಆದೇಶ ಬಂದಾಗ ಕಮಾಂಡ್ ಸ್ಟೇಷನ್ ಅದನ್ನು ಮುಂದಕ್ಕೆ ತಂದು ಕಳುಹಿಸುತ್ತದೆ. ಬಿಡುವಿದ್ದಾಗ ಮಾತ್ರ ಹಳೆಯವನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ. ದಟ್ಟಣೆಯ ಅನುಮಾನವನ್ನು ಅಲ್ಲಿಗೆ ಕೈಬಿಟ್ಟೆವು. ಆದರೆ ಕಮಾಂಡ್ ಸ್ಟೇಷನ್ ಕೊನೆಯ ಆದೇಶವನ್ನು ಹೀಗೆ ಬಿಡದೆ ಹೇಳುತ್ತಿರುತ್ತದೆ ಎಂಬ ಸಂಗತಿ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು, ಅದು ಮುಂದೆ ಉಪಯೋಗಕ್ಕೆ ಬಂತು.

ಹಾರ್ನ್ ಊದಿದರೆ ದೀಪ ಆರಿತು

ನಿಜವಾದ ಸುಳಿವು ಸಿಕ್ಕಿದ್ದು ಬಹಳ ಸಣ್ಣ ಸಂಗತಿಯಿಂದ. ಯಾರ್ಡಿನಲ್ಲಿದ್ದ 31ನೇ ವಿಳಾಸದ ಎಂಜಿನ್ನಿನ ಮುಂದೀಪ ಉರಿಯುತ್ತಿತ್ತು. ಆ ಎಂಜಿನನ್ನು ಹಿಂದೆ ಓಡಿಸಿದ್ದ ಇನ್ನೊಬ್ಬರು ತಮ್ಮ ಥ್ರಾಟಲಿನಿಂದ ಸುಮ್ಮನೆ ಒಮ್ಮೆ ಹಾರ್ನ್ ಒತ್ತಿದರು. ಹಾರ್ನ್ ಕೂಗಿತು, ದೀಪ ಆರಿತು. ಯಾರ್ಡ್ ನೋಡಿಕೊಳ್ಳುತ್ತಿದ್ದವರು, “ದೀಪ ಯಾಕೆ ಆರಿಸಿದ್ರಿ?” ಎಂದು ಕೇಳಿದರೆ, “ನಾನು ದೀಪ ಮುಟ್ಟಿಲ್ಲ ಸಾರ್, ಹಾರ್ನ್ ಅಷ್ಟೇ” ಎಂಬ ಉತ್ತರ ಬಂತು. ಇಬ್ಬರ ಮಾತೂ ನಿಜವಾಗಿತ್ತು.

ಆ ಸಂಜೆ ಉಳಿದ ಗಾಡಿಗಳನ್ನೆಲ್ಲ ನಿಲ್ಲಿಸಿ, ಒಂದು ತುಂಡು ಹಳಿಯ ಮೇಲೆ 31ನೇ ಎಂಜಿನ್ ಒಂದನ್ನೇ ಇಟ್ಟು, ಎರಡು ಥ್ರಾಟಲ್‌ಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಕುಳಿತೆವು. ಫಂಕ್ಷನ್ (ದೀಪ, ಹಾರ್ನಿನಂಥ ಕೆಲಸ) ಆದೇಶದ ಬೈಟನ್ನು ಬಿಡಿಸಿ ನೋಡಿದರೆ ವಿಷಯ ತಿಳಿಯುತ್ತದೆ. ಮುಂದೀಪ ಮತ್ತು ಮೊದಲ ನಾಲ್ಕು ಫಂಕ್ಷನ್‌ಗಳು ಹಳಿಯ ಮೇಲೆ ಬೇರೆ ಬೇರೆಯಾಗಿ ಹೋಗುವುದಿಲ್ಲ, ಐದೂ ಒಂದೇ ಬೈಟಿನಲ್ಲಿ ಕೂಡಿ ಹೋಗುತ್ತವೆ. ಬೈಟಿನ ಮೊದಲ ಮೂರು ಬಿಟ್ 100. ಅದರ ಮುಂದಿನದು ದೀಪ. ಆಮೇಲೆ ನಾಲ್ಕನೆಯ, ಮೂರನೆಯ, ಎರಡನೆಯ, ಮೊದಲನೆಯ ಫಂಕ್ಷನ್. ದೀಪ ಮಾತ್ರ ಉರಿಯುತ್ತಿದ್ದರೆ 10010000. ದೀಪ ಉರಿಯುತ್ತಿರುವಾಗ ಎರಡನೆಯ ಫಂಕ್ಷನ್ ಆದ ಹಾರ್ನ್ ಒತ್ತಿದರೆ 10010010. ಆದರೆ ಹಾರ್ನ್ ಒತ್ತಿದ ಥ್ರಾಟಲಿನ ನೆನಪಿನಲ್ಲಿ ದೀಪ ಆರಿದ ಸ್ಥಿತಿಯೇ ಉಳಿದಿದ್ದರೆ, ಅದು ಕಳುಹಿಸುವುದು 10000010. ಹಾರ್ನ್ ಕೂಗುತ್ತದೆ, ದೀಪದ ಬಿಟ್ ಸೊನ್ನೆಯಾಗಿರುವುದರಿಂದ ದೀಪವೂ ಆರುತ್ತದೆ. ಒತ್ತಿದವರು ಕೇಳಿದ್ದು ಒಂದೇ ಕೆಲಸ. ಥ್ರಾಟಲ್ ಹೇಳಿದ್ದು ಐದು ಕೆಲಸಗಳ ಸ್ಥಿತಿ, ಅದರಲ್ಲಿ ನಾಲ್ಕು ತನ್ನ ಹಳೆಯ ನೆನಪಿನಿಂದ ತೆಗೆದದ್ದು.

ಇದು ಅರ್ಥವಾದ ಮೇಲೆ ಗೂಡ್ಸ್ ಗಾಡಿಯ ಒಗಟು ತಾನಾಗಿ ಬಿಡಿಸಿಕೊಂಡಿತು. ವೇಗದ ಆದೇಶದಲ್ಲೂ ಇದೇ ಕಟ್ಟು ಇದೆ: 128 ಹಂತಗಳ ಕ್ರಮದಲ್ಲಿ ಒಂದೇ ಬೈಟಿನ ಮೊದಲ ಬಿಟ್ ದಿಕ್ಕನ್ನು, ಉಳಿದ ಏಳು ಬಿಟ್ ವೇಗವನ್ನು ಹೇಳುತ್ತವೆ. ಅವುಗಳಲ್ಲಿ ಸೊನ್ನೆ ಎಂದರೆ ನಿಲ್ಲು, ಒಂದು ಎಂದರೆ ತುರ್ತಾಗಿ ನಿಲ್ಲು, ಹಾಗಾಗಿ ನಿಜವಾದ ವೇಗದ ಹಂತಗಳು 126. ದಿಕ್ಕನ್ನು ಹೇಳದೆ ವೇಗವನ್ನು ಮಾತ್ರ ಹೇಳುವ ದಾರಿಯೇ ಅಲ್ಲಿಲ್ಲ. ನಮ್ಮ ಗೆಳೆಯರೊಬ್ಬರು ಆ ದಿನ ಬೆಳಿಗ್ಗೆ 24ನೇ ಎಂಜಿನನ್ನು ಮೊಬೈಲಿನಿಂದ ಯಾರ್ಡಿನಲ್ಲಿ ಓಡಿಸಿ, “ಇನ್ನು ನೀವು ತಗೊಳ್ಳಿ” ಎಂದು ಬಾಯಿಮಾತಿನಲ್ಲಿ ಒಪ್ಪಿಸಿದ್ದರು. ಪಡೆದವರು ಕೈ ಥ್ರಾಟಲಿನಲ್ಲಿ ಆ ಎಂಜಿನನ್ನು ಹಿಡಿದರು, ಕೊನೆಯ ನಿಲ್ದಾಣದಲ್ಲಿ ಗಾಡಿಯ ಇನ್ನೊಂದು ತುದಿಗೆ ಸುತ್ತಿಸಿ ದಿಕ್ಕು ಬದಲಿಸಿದರು. ಮೊಬೈಲಿನ ಪರದೆಯಲ್ಲಿ ಮಾತ್ರ 24 ಇನ್ನೂ ಇತ್ತು, ದಿಕ್ಕು ಇನ್ನೂ ಮುಂದಕ್ಕೇ ಇತ್ತು. ಮಧ್ಯಾಹ್ನ ಅವರು ತಮ್ಮ ಬೇರೆ ಗಾಡಿಯನ್ನು ನೋಡಲು ಮೊಬೈಲ್ ತೆರೆದಾಗ ಅದೇ ಪರದೆಯಲ್ಲಿ ಪಕ್ಕಕ್ಕಿದ್ದ 24ರ ವೇಗದ ಪಟ್ಟಿಗೆ ಹೆಬ್ಬೆರಳು ತಾಗಿತು. ಹೋದದ್ದು ಹೊಸ ವೇಗ, ಅದರ ಜೊತೆಗೆ ಹಳೆಯ ದಿಕ್ಕು.

ಎಂಜಿನ್ನಿನ ನಿಜವಾದ ಸ್ಥಿತಿಯನ್ನು ಬರೆದಿಟ್ಟ ಪಟ್ಟಿ ಒಂದೇ ಇರುತ್ತದೆ, ಅದು ಕಮಾಂಡ್ ಸ್ಟೇಷನ್ನಿನಲ್ಲಿ. ಪ್ರತಿ ಥ್ರಾಟಲಿನಲ್ಲಿ ಇರುವುದು ಅದರ ಪ್ರತಿ. ಒಬ್ಬರೇ ಓಡಿಸುವಾಗ ಪ್ರತಿ ಮತ್ತು ಮೂಲ ಎಂದೂ ಬೇರೆಯಾಗುವುದಿಲ್ಲ, ಹಾಗಾಗಿ ಎರಡು ಇವೆ ಎಂಬುದೇ ನಮ್ಮ ಗಮನಕ್ಕೆ ಬಂದಿರಲಿಲ್ಲ. ಎಂಜಿನ್ ಕೈ ಬದಲಿಸಿದ ಕ್ಷಣದಿಂದ ಹಿಂದಿನ ಕೈಯಲ್ಲಿರುವ ಪ್ರತಿ ಹಳಸಲು ಶುರುವಾಗುತ್ತದೆ, ಅದು ಮತ್ತೆ ಒಂದು ಆದೇಶ ಕಳುಹಿಸಿದರೆ ಮೂಲದ ಮೇಲೆ ಹಳೆಯದನ್ನೇ ಬರೆದುಬಿಡುತ್ತದೆ. ಕೇಬಲಿನ ಕೈ ಥ್ರಾಟಲ್‌ಗಳು ಎಂಜಿನ್ ಬೇರೆಯವರ ಪಾಲಾದಾಗ ಪರದೆಯಲ್ಲಿ ಸಂಖ್ಯೆಯನ್ನು ಮಿಣುಕಿಸಿ ತಿಳಿಸುತ್ತಿದ್ದವು. ಆದರೆ ಥ್ರಾಟಲ್ ಸೊಂಟದ ಎತ್ತರದಲ್ಲಿ ಕೈಯಲ್ಲಿರುತ್ತದೆ, ಕಣ್ಣು ಗಾಡಿಯ ಮೇಲಿರುತ್ತದೆ. ಮಿಣುಕನ್ನು ಯಾರೂ ನೋಡುತ್ತಿರಲಿಲ್ಲ.

ನಾಬ್, ಸಂಖ್ಯೆ, ಮೊಬೈಲ್

ಮೂಲ ಕಾರಣ ತಿಳಿದ ಮೇಲೂ ಎಲ್ಲ ತೊಂದರೆಗಳು ಅದರ ಲೆಕ್ಕಕ್ಕೆ ಸೇರಲಿಲ್ಲ. ಇನ್ನೂ ಮೂರು ಬೇರೆ ಬೇರೆ ಕಾರಣಗಳು ಅದರೊಳಗೆ ಕಲೆತಿದ್ದವು, ಮತ್ತು ಅವುಗಳ ಲಕ್ಷಣ ಮೇಲುನೋಟಕ್ಕೆ ಒಂದೇ ತೆರನಾಗಿತ್ತು: ನಾನು ಹೇಳದ್ದನ್ನು ಎಂಜಿನ್ ಮಾಡಿತು.

ಮೊದಲನೆಯದು ತಡೆಯಿರುವ ನಾಬಿನದು. ಕೊನೆಯಿಲ್ಲದೆ ಸುತ್ತುವ ನಾಬಿಗೆ ತನ್ನದೇ ಆದ ಸ್ಥಾನವಿಲ್ಲ. ಅದು ಇಷ್ಟು ಹೆಚ್ಚು, ಇಷ್ಟು ಕಡಿಮೆ ಎಂದು ಮಾತ್ರ ಹೇಳುತ್ತದೆ. ಓಡುತ್ತಿರುವ ಎಂಜಿನನ್ನು ಅದರಿಂದ ಹಿಡಿದರೆ ಥ್ರಾಟಲ್ ಕಮಾಂಡ್ ಸ್ಟೇಷನ್ನಿನಿಂದ ವೇಗವನ್ನು ಕೇಳಿ ಪಡೆದು, ಅಲ್ಲಿಂದ ಮುಂದುವರಿಯುತ್ತದೆ. ತಡೆಯಿರುವ ನಾಬು ಹಾಗಲ್ಲ. ಅದು ಎಲ್ಲಿ ನಿಂತಿದೆಯೋ ಆ ಸ್ಥಾನವೇ ವೇಗ. ಹಿಂದಿನ ಗಾಡಿಯನ್ನು ಅರ್ಧ ವೇಗದಲ್ಲಿ ಓಡಿಸಿ ಬಿಟ್ಟ ನಾಬಿನಿಂದ, ಯಾರ್ಡಿನಲ್ಲಿ ಆರನೇ ಹಂತದಲ್ಲಿ ತೆವಳುತ್ತಿದ್ದ ಎಂಜಿನನ್ನು ಹಿಡಿದು, ಬೆರಳಿನಿಂದ ಕೂದಲೆಳೆಯಷ್ಟು ಅಲುಗಿಸಿದರೂ ಸಾಕು, ಎಂಜಿನ್ ಅರ್ಧ ವೇಗಕ್ಕೆ ನೆಗೆಯುತ್ತದೆ. ನಮ್ಮಲ್ಲಿ ನಿಂತಿದ್ದ ಬೋಗಿಗಳ ಸಾಲಿಗೆ ಒಂದು ಎಂಜಿನ್ ಹೀಗೆ ಹೋಗಿ ಗುದ್ದಿ, ಮೊದಲ ಬೋಗಿಯ ಕಪ್ಲಿಂಗ್ ಮುರಿಯಿತು. ಬೇರೆಯವರ ಕೈಯಿಂದ ಬಂದ ಎಂಜಿನ್ನಿನ ವೇಗವನ್ನು ನಾಬ್ ಹಾದುಹೋಗುವವರೆಗೂ ಆದೇಶ ಕಳುಹಿಸದೆ ಕಾಯುವ ಥ್ರಾಟಲ್‌ಗಳೂ ಇವೆ. ನಮ್ಮವು ಕಾಯುವ ಬಗೆಯವಲ್ಲ.

ಎರಡನೆಯದು ಥ್ರಾಟಲಿನ ಸ್ವಂತ ಸಂಖ್ಯೆಯದು. ನಮ್ಮ ಬಸ್, ಅಂದರೆ ಥ್ರಾಟಲುಗಳನ್ನೆಲ್ಲ ಕಮಾಂಡ್ ಸ್ಟೇಷನ್ನಿಗೆ ಜೋಡಿಸುವ ತಂತಿ, ಸರದಿಯ ಪ್ರಕಾರ ಕೇಳುವ ಬಗೆಯದು: ಕಮಾಂಡ್ ಸ್ಟೇಷನ್ ಒಂದೊಂದೇ ಸಂಖ್ಯೆಯನ್ನು ಕರೆದು, ಹೇಳುವುದೇನಾದರೂ ಇದೆಯೇ ಎಂದು ಕೇಳುತ್ತದೆ, ಆ ಸಂಖ್ಯೆಯ ಥ್ರಾಟಲ್ ಮಾತ್ರ ಉತ್ತರಿಸುತ್ತದೆ. ಒಂದೇ ಬಗೆಯ ಎರಡು ಥ್ರಾಟಲ್‌ಗಳು ಕಾರ್ಖಾನೆಯಿಂದ ಒಂದೇ ಸಂಖ್ಯೆಯೊಂದಿಗೆ ಬಂದಿದ್ದವು, ನಾವು ಬದಲಿಸಿರಲಿಲ್ಲ. ಒಂದೇ ಹೆಸರಿನ ಇಬ್ಬರು ಮಕ್ಕಳು ಹಾಜರಿ ಕೂಗಿದಾಗ ಒಟ್ಟಿಗೆ ಉತ್ತರ ಕೊಟ್ಟಂತೆ, ಎರಡೂ ಒಂದೇ ಕ್ಷಣದಲ್ಲಿ ತಂತಿಯ ಮೇಲೆ ಮಾತಾಡಿ ಎರಡರ ಮಾತೂ ಕೆಡುತ್ತಿತ್ತು. ಇದನ್ನು ಗುರುತಿಸುವುದು ಸುಲಭ. ಪ್ರತಿಯೊಂದು ಥ್ರಾಟಲ್ ಒಂಟಿಯಾಗಿ ಚುಚ್ಚಿದಾಗ ಸರಿಯಾಗಿ ನಡೆದು, ಇನ್ನೊಂದನ್ನು ಚುಚ್ಚಿದ ಕೂಡಲೇ ಎರಡೂ ತೊದಲಿದರೆ, ಕೇಬಲನ್ನು ಅನುಮಾನಿಸುವ ಮೊದಲು ಸಂಖ್ಯೆಗಳನ್ನು ನೋಡಬೇಕು. ನಾವು ಮೂರು ಕೇಬಲ್‌ಗಳನ್ನು ಬದಲಿಸಿದ ಮೇಲೆ ನೋಡಿದೆವು.

ಮೂರನೆಯದು ಮೊಬೈಲಿನದು, ನನಗೆ ಅತ್ಯಂತ ಗಂಭೀರವೆನಿಸಿದ್ದು ಇದೇ. ಮೊಬೈಲಿನ ಸಂಪರ್ಕ ಇನ್ನೂ ಇದೆ ಎಂದು ತಿಳಿಯಲು ಕಂಪ್ಯೂಟರಿನ ತಂತ್ರಾಂಶವು ಕೆಲವು ಸೆಕೆಂಡುಗಳಿಗೊಮ್ಮೆ ಅದರಿಂದ ಒಂದು ಸಂಕೇತವನ್ನು ನಿರೀಕ್ಷಿಸುತ್ತದೆ, ನಾಡಿ ಹಿಡಿದು ನೋಡಿದ ಹಾಗೆ. ಸಂಕೇತ ನಿಂತರೆ ಆ ಮೊಬೈಲಿನ ಎಂಜಿನ್‌ಗಳನ್ನು ನಿಲ್ಲಿಸಿಬಿಡುತ್ತದೆ. ಆದರೆ ವೈಫೈ ಒಮ್ಮೆ ಕ್ಷೀಣಿಸಿದಾಗ ಗಾಡಿಯೊಂದು ಸುರಂಗದೊಳಗೆ ನಿಂತು, ಅದನ್ನು ಹೊರತೆಗೆಯಲು ಅರ್ಧ ಗಂಟೆ ಹಿಡಿದಿದ್ದರಿಂದ ಬೇಸರಪಟ್ಟು ನಾವೇ ಆ ವ್ಯವಸ್ಥೆಯನ್ನು ಸ್ಥಗಿತಗೊಳಿಸಿದ್ದೆವು. ಅದರ ಫಲ ಕೆಲವು ದಿನಗಳಲ್ಲೇ ಕಂಡಿತು. ಗಾಡಿ ಓಡುತ್ತಿರುವಾಗಲೇ ಒಬ್ಬರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು, ಪರದೆ ಮುಚ್ಚಿಕೊಂಡಿತು, ಆಪ್ ಮಲಗಿತು. ಎಂಜಿನ್ ನಿಲ್ಲಲಿಲ್ಲ. ಥ್ರಾಟಲ್ ಸತ್ತರೂ ಕಮಾಂಡ್ ಸ್ಟೇಷನ್ ಬದುಕಿರುತ್ತದೆ, ಕೊನೆಯ ಆದೇಶವನ್ನು ಅದು ಬಿಡದೆ ಹೇಳುತ್ತಲೇ ಇರುತ್ತದೆ. ಆದೇಶ ಬಾರದೆ ಇಂತಿಷ್ಟು ಹೊತ್ತಾದರೆ ನಿಲ್ಲು ಎಂದು ಡಿಕೋಡರಿಗೆ ಹೇಳಿಡುವ 11ನೇ ಸಿವಿ (ಡಿಕೋಡರಿನೊಳಗೆ ಸಂಖ್ಯೆ ಬರೆದಿಡುವ ಖಾನೆ) ಇದೆ. ಇಲ್ಲಿ ಅದರಿಂದ ಉಪಯೋಗವಿಲ್ಲ, ಏಕೆಂದರೆ ಡಿಕೋಡರಿನ ಮಟ್ಟಿಗೆ ಆದೇಶ ಬರುತ್ತಲೇ ಇತ್ತು. ಗಾಡಿ ಕೊನೆಯ ನಿಲ್ದಾಣದ ಬಫರಿಗೆ ಬಡಿದು ನಿಂತಿತು. ಒಂದು ಗಾಡಿ ಬೇಡದ ಜಾಗದಲ್ಲಿ ನಿಲ್ಲುವುದು ಕಿರಿಕಿರಿ. ಬೇಡದ ಹೊತ್ತಿನಲ್ಲಿ ಓಡುವುದು ಅಪಘಾತ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದು ನಮ್ಮ ತಪ್ಪು.

ಬದಲಿಸಿದ್ದು

ಹೊಸ ಉಪಕರಣ ಕೊಳ್ಳುವ ಮಾತು ಬಂದಿತ್ತು. ಬೇರೆ ಬೇರೆ ವ್ಯವಸ್ಥೆಗಳು ಇದನ್ನು ಹೇಗೆ ನಿಭಾಯಿಸುತ್ತವೆ ಎಂದು ಅದಕ್ಕಾಗಿಯೇ ಓದಿ ನೋಡಿದೆವು. ಲೋಕೋನೆಟ್‌ನಲ್ಲಿ ಪ್ರತಿ ಎಂಜಿನ್ನಿಗೂ ಕಮಾಂಡ್ ಸ್ಟೇಷನ್ನಿನಲ್ಲಿ ಸ್ಲಾಟ್ ಎಂಬ ಒಂದು ಖಾನೆ ಇರುತ್ತದೆ. ಅದು ಬಳಕೆಯಲ್ಲಿದೆ ಎಂದು ಗುರುತಾಗಿದ್ದರೆ ಎರಡನೆಯ ಥ್ರಾಟಲ್ ಸುಮ್ಮನೆ ಹಿಡಿಯದೆ, ಕಸಿದುಕೊಳ್ಳಬೇಕೇ ಎಂದು ಕೇಳುತ್ತದೆ. ಬಸ್ಸಿನ ಮೇಲೆ ಹೋಗುವ ಮಾತು ಎಲ್ಲ ಸಾಧನಗಳಿಗೂ ಕೇಳಿಸುವುದರಿಂದ ತಮ್ಮ ಪ್ರತಿಯನ್ನು ತಿದ್ದಿಕೊಳ್ಳುವ ಅವಕಾಶ ಅವುಗಳಿಗಿದೆ. ಎಕ್ಸ್‌ಪ್ರೆಸ್‌ನೆಟ್ ಸರದಿಯಂತೆ ಕೇಳುವ ವ್ಯವಸ್ಥೆ, 31 ಸಾಧನಗಳವರೆಗೆ. ಎಂಜಿನ್ ಬೇರೊಬ್ಬರ ಪಾಲಾದರೆ ಹಿಂದಿನವರಿಗೆ ತಿಳಿಸುತ್ತದೆ. ಝಡ್21 ಯಾರಿಗೂ ಒಡೆತನ ಕೊಡುವುದಿಲ್ಲ. ಎಂಜಿನ್ನಿನ ಸ್ಥಿತಿ ಬದಲಾದರೆ ಅದರ ಸುದ್ದಿ ಬೇಕೆಂದು ಹೇಳಿಟ್ಟ ಎಲ್ಲರಿಗೂ ಕಳುಹಿಸುತ್ತದೆ. ಬೀಗ ಹಾಕುವುದು ಮೇಲೋ, ಸುದ್ದಿ ಹಂಚುವುದು ಮೇಲೋ ಎಂದು ಕೇಳಿದರೆ, ಒಂದೇ ಕೋಣೆಯಲ್ಲಿ ನಿಂತು ಓಡಿಸುವ ಗೆಳೆಯರ ಗುಂಪಿಗೆ ಸುದ್ದಿ ಹಂಚುವುದೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ಅಭಿಪ್ರಾಯ. ಬೀಗ ಹಾಕಿದವರು ಬಿಡಿಸುವುದನ್ನು ಮರೆತು ಚಹಾಕ್ಕೆ ಹೋದರೆ ಎಂಜಿನ್ ಅನಾಥವಾಗಿ ಉಳಿಯುತ್ತದೆ. ಆದರೆ ಯಾವ ವ್ಯವಸ್ಥೆಯೂ ಎರಡು ಕೈಗಳು ಒಂದೇ ಎಂಜಿನ್ನಿನ ಮೇಲೆ ಇರುವುದನ್ನು ಸುರಕ್ಷಿತ ಮಾಡಿಕೊಡುವುದಿಲ್ಲ. ಆದ್ದರಿಂದ ಇರುವ ಸಾಧನಗಳನ್ನೇ ಇಟ್ಟುಕೊಂಡು ಒಪ್ಪಿಸುವ ಕ್ರಮವನ್ನು ಬದಲಿಸಲು ನಿರ್ಧರಿಸಿದೆವು. ಓಡಿಸುವ ಹಕ್ಕು ಒಂದು ಹೊತ್ತಿಗೆ ಒಬ್ಬರಿಗೆ. ನಿಲ್ಲಿಸುವ ಹಕ್ಕು ಯಾವ ಹೊತ್ತಿಗೂ ಎಲ್ಲರಿಗೂ.

ಎಂಜಿನ್ ಈಗ ನಿಂತಿರುವಾಗ ಮಾತ್ರ ಕೈ ಬದಲಿಸುತ್ತದೆ. ಇದಕ್ಕೆ ನಾಬಿನ ನೆಗೆತವಲ್ಲದೆ ಇನ್ನೊಂದು ಕಾರಣವೂ ಇದೆ: 3 ಮತ್ತು 4ನೇ ಸಿವಿಗಳಲ್ಲಿ ವೇಗ ಏರುವ, ಇಳಿಯುವ ನಿಧಾನವನ್ನು ಹೆಚ್ಚು ಇಟ್ಟಿದ್ದರೆ, ಥ್ರಾಟಲ್ ಸೊನ್ನೆ ತೋರಿಸುವಾಗಲೂ ಎಂಜಿನ್ ಇನ್ನೂ ಉರುಳುತ್ತಿರುತ್ತದೆ. ಹಾಗಾಗಿ ಪರದೆಯನ್ನಲ್ಲ, ಗಾಲಿಯನ್ನು ನೋಡಿ ನಿಂತಿದೆ ಎನ್ನಬೇಕು. ಕೊಡುವವರು ಥ್ರಾಟಲಿನಿಂದ ಎಂಜಿನನ್ನು ತೆಗೆದುಹಾಕಿ, “ಇಪ್ಪತ್ತನಾಲ್ಕು ಬಿಟ್ಟೆ, ದೀಪ ಇದೆ, ಮುಖ ಜಂಕ್ಷನ್ ಕಡೆಗೆ” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಪಡೆಯುವವರು ಹಿಡಿದು, ಪರದೆಯಲ್ಲಿ ದಿಕ್ಕು ಮತ್ತು ದೀಪ ಕೇಳಿದ ಮಾತಿಗೆ ಹೊಂದುತ್ತದೆಯೇ ನೋಡಿ, “ಇಪ್ಪತ್ತನಾಲ್ಕು ಹಿಡಿದೆ” ಎನ್ನುತ್ತಾರೆ. ಮೊದಮೊದಲು ಇದು ಕೆಲವರಿಗೆ ನಾಟಕದಂತೆ ಕಂಡಿತು. ಎರಡನೆಯ ವಾರದ ಹೊತ್ತಿಗೆ ಯಾರೂ ನೆನಪಿಸಬೇಕಾಗಲಿಲ್ಲ. ಈಗ ಆ ಎರಡು ಮಾತು ಕೇಳಿಸದಿದ್ದರೆ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದವರೂ ತಲೆ ಎತ್ತಿ ನೋಡುತ್ತಾರೆ.

ತಡೆಯಿರುವ ನಾಬಿನ ಎರಡು ಥ್ರಾಟಲ್‌ಗಳನ್ನು ಮುಖ್ಯ ಮಾರ್ಗಕ್ಕೆ ಮಾತ್ರ ಮೀಸಲಿಟ್ಟೆವು, ಅಲ್ಲಿ ಒಬ್ಬರೇ ಒಂದು ಗಾಡಿಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುತ್ತಾರೆ. ಕ್ಷಣಕ್ಷಣಕ್ಕೂ ಎಂಜಿನ್ ಬದಲಾಗುವ ಯಾರ್ಡಿಗೆ ಸುತ್ತುವ ನಾಬಿನವು. ನಾಲ್ಕೂ ಥ್ರಾಟಲ್‌ಗಳಿಗೆ ಬೇರೆ ಬೇರೆ ಬಸ್ ಸಂಖ್ಯೆ ಕೊಟ್ಟು, ಅದನ್ನು ಹಿಂಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದೆವು. ಮೊಬೈಲಿನ ಪರದೆಯಲ್ಲಿ ಒಂದು ಹೊತ್ತಿಗೆ ಒಂದೇ ಎಂಜಿನ್ ಇರಬೇಕೆಂದು ನಿಯಮ ಮಾಡಿದೆವು. ಸಂಪರ್ಕ ಕಡಿದರೆ ನಿಲ್ಲಿಸುವ ವ್ಯವಸ್ಥೆಯನ್ನು ಮತ್ತೆ ಹಚ್ಚಿದೆವು, ಸುರಂಗದ ಸಮಸ್ಯೆಯನ್ನು ಅದರ ಜಾಗದಲ್ಲೇ ಪರಿಹರಿಸಿದೆವು: ಮಾರ್ಗಕ್ಕೆಂದೇ ಬೇರೆ ರೂಟರ್ ಇಟ್ಟು, ಸುತ್ತಲಿನ ವೈಫೈಗಳು ಕಡಿಮೆ ಬಳಸುತ್ತಿದ್ದ ಚಾನೆಲನ್ನು ಆರಿಸಿದೆವು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಸುವುದು 1, 6 ಮತ್ತು 11ನ್ನು ಮಾತ್ರ. ನಮ್ಮ ಹಳೆಯ ರೂಟರ್ ಮನೆಯ ಉಳಿದೆಲ್ಲ ಕೆಲಸಗಳ ಜೊತೆಗೆ ಆರರಲ್ಲೇ ಇತ್ತು.

ನಿಲ್ಲಿಸುವ ಹಕ್ಕಿನ ಬಗ್ಗೆ ನಮ್ಮಲ್ಲಿ ಚರ್ಚೆ ಹೆಚ್ಚು ನಡೆಯಿತು. ಯಾವ ಥ್ರಾಟಲಿನಿಂದಲಾದರೂ ಕೆಂಪು ಬಟನ್ ಒತ್ತಿದರೆ ಇಡೀ ಮಾರ್ಗ ನಿಲ್ಲುತ್ತದೆ. ಒಬ್ಬರ ಯಾರ್ಡಿನಲ್ಲಿ ಒಂದು ವ್ಯಾಗನ್ ಉರುಳಿದ್ದಕ್ಕೆ ಎಲ್ಲರ ಗಾಡಿಗಳೂ ನಿಲ್ಲಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಬಟನ್ನಿಗೆ ಮಿತಿ ಹಾಕಲು ನಾನು ಒಪ್ಪಲಿಲ್ಲ. ತನ್ನ ಕೈಯಲ್ಲಿಲ್ಲದ ಎಂಜಿನ್ ಅಪಾಯದತ್ತ ಹೋಗುವುದನ್ನು ಕಂಡವರು, ಅದರ ವಿಳಾಸ ಯಾವುದು, ಯಾರ ಕೈಯಲ್ಲಿದೆ ಎಂದು ಯೋಚಿಸುವ ಹೊತ್ತಿಗೆ ಗುದ್ದಾಟ ಮುಗಿದಿರುತ್ತದೆ. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಒತ್ತಲು ಯಾರ ಅನುಮತಿಯೂ ಬೇಡ, ಒತ್ತಿದವರನ್ನು ಯಾರೂ ದೂರಬಾರದು, ಆದರೆ ಮತ್ತೆ ವಿದ್ಯುತ್ತು ಕೊಡುವುದು ಒತ್ತಿದವರು “ಸರಿ” ಎಂದ ಮೇಲೆ ಮಾತ್ರ.

ಆ ನಂತರ

ಈ ಕ್ರಮಗಳು ಜಾರಿಗೆ ಬಂದ ಮೇಲೆ ಹೇಳದೆ ತಿರುಗಿದ ಎಂಜಿನ್ ಒಂದೂ ಇಲ್ಲ. ಹಾರ್ನ್ ಊದಿದಾಗ ದೀಪ ಆರಿದ್ದು ಒಮ್ಮೆ ಮಾತ್ರ. ಹೊಸದಾಗಿ ಬಂದವರೊಬ್ಬರು ಬಿಟ್ಟೆ ಎಂದು ಹೇಳಿ, ಥ್ರಾಟಲಿನಿಂದ ತೆಗೆಯುವುದನ್ನು ಮರೆತಿದ್ದರು. ದೀಪ ಆರಿದ ಕೂಡಲೇ ಮೂರು ಜನ ಒಟ್ಟಿಗೆ, “ಯಾರೋ ಬಿಟ್ಟಿಲ್ಲ” ಎಂದರು. ಮೊದಲು ವಾರಗಟ್ಟಲೆ ಹುಡುಕಿದರೂ ಸಿಗದಿದ್ದ ಕಾರಣ ಆಗ ಅರೆಕ್ಷಣದಲ್ಲಿ ಸಿಕ್ಕಿತು.

ಇನ್ನೂ ಪೂರ್ತಿ ಬಗೆಹರಿಯದ ಸಂಗತಿ ಒಂದಿದೆ, ಅದು ಎರಡು ಎಂಜಿನ್ ಜೋಡಿಸಿದ ಗಾಡಿಯದು. ಏರಿನಲ್ಲಿ ಭಾರದ ಗಾಡಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಕೊಟ್ಟರೆ, ನಿಜವಾದ ರೈಲಿನಲ್ಲಿ ಇಬ್ಬರು ಚಾಲಕರಿರುತ್ತಾರೆ; ನಮ್ಮಲ್ಲೂ ಇಬ್ಬರಿಗೆ ಕೊಡಬೇಕೆಂಬ ಆಸೆ ಕೆಲವರಿಗಿದೆ. ಕೊಟ್ಟು ನೋಡಿದೆವು. ಇಬ್ಬರ ವೇಗ ಎರಡು ಹಂತ ಹೆಚ್ಚುಕಡಿಮೆಯಾದರೂ ತಿರುವಿನಲ್ಲಿ ಹಗುರ ವ್ಯಾಗನ್‌ಗಳು ಒತ್ತಡಕ್ಕೆ ಹೊರಗೆ ಚಿಮ್ಮುತ್ತವೆ. ಹಾಗಾಗಿ ಸದ್ಯಕ್ಕೆ ಎರಡೂ ಎಂಜಿನ್‌ಗಳ 19ನೇ ಸಿವಿಯಲ್ಲಿ ಒಂದೇ ಜೋಡಿ ವಿಳಾಸವನ್ನು ಬರೆದು ಒಬ್ಬರ ಕೈಗೇ ಕೊಡುತ್ತೇವೆ. ಜೋಡಿಯ ವಿಳಾಸ 60 ಆದರೆ ಮುಂದಿನ ಎಂಜಿನ್ನಿನಲ್ಲಿ 60, ಹಿಮ್ಮುಖವಾಗಿ ನಿಂತ ಎಂಜಿನ್ನಿನಲ್ಲಿ 128 ಕೂಡಿಸಿ 188. ಹೀಗೆ ಬರೆದ ಮೇಲೆ ಡಿಕೋಡರ್ ತನ್ನ ಸ್ವಂತ ವಿಳಾಸಕ್ಕೆ ಬಂದ ವೇಗದ ಆದೇಶವನ್ನು ಕೇಳುವುದಿಲ್ಲ, ಹಾರ್ನಿನಂಥ ಫಂಕ್ಷನ್‌ಗಳನ್ನು ಮಾತ್ರ ಕೇಳುತ್ತದೆ. ಮೊನ್ನೆ ಒಬ್ಬರು ಹಿಂದಿನ ವಾರ ಜೋಡಿಯಲ್ಲಿದ್ದ ಎಂಜಿನನ್ನು ಅದರ ಸ್ವಂತ ವಿಳಾಸದಲ್ಲಿ ಹಿಡಿದು, ಹಾರ್ನ್ ಕೂಗುತ್ತದೆ ಆದರೆ ಗಾಲಿ ತಿರುಗುವುದಿಲ್ಲ ಎಂದು ಮೋಟಾರನ್ನು ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದರು. ಅಂದಿನಿಂದ ಗಾಡಿಗಳನ್ನು ಒಳಗಿಡುವ ಮುನ್ನ ಜೋಡಿ ಬಿಚ್ಚಿದ ಪ್ರತಿ ಎಂಜಿನ್ನಿನ 19ನೇ ಸಿವಿಗೆ ಸೊನ್ನೆ ಬರೆದು, ಕಾಲು ಮೀಟರಾದರೂ ಅದರ ಸ್ವಂತ ವಿಳಾಸದಲ್ಲಿ ಓಡಿಸಿ ನೋಡುತ್ತೇವೆ.